ಬಿಳಿ ಟ್ಯೂಬು ಮುಟ್ಟದ ಸಿಸ್ಟರ್

ಆ ದಿನ ಬೆಳಿಗ್ಗೆ ರೊಟ್ಟಿ ಬಡಿದು, ಯಜಮಾನರ ಡಬ್ಬಿ ಕಟ್ಟಿ ಕಳಿಸಿ, ಅರೆಬರೆ ಒಣಗಿದ್ದ ಸಂಡಿಗೆಯ ಪರಾತ ಹಿಡಿದುಕೊಂಡು ಮಾಳಿಗೆಗೆ ಹೊರಟಿದ್ದೆ. ಮಣಿಕೊಂಡದ ನಮ್ಮ ಮನೆಗೆ ಬಿಸಿಲು ಬರುವುದಿಲ್ಲ. ಬಂದ ಹೊಸತರಲ್ಲಿ ಬರುತ್ತಿತ್ತು. ಆಮೇಲೆ ಪಡಸಾಲೆಯ ಕಿಟಕಿಗೆ ಎದುರಾಗಿ ಇನ್ನೊಂದು ಅಪಾರ್ಟ್‌ಮೆಂಟು ಎದ್ದಿತು. ಈಗ ಪರದೆ ಸರಿಸಿದರೆ ಕಾಣುವುದು ಅವರ ಬಚ್ಚಲಿನ ಪೈಪುಗಳು, ಅದರ ಮೇಲೆ ಕೂತ ಪಾರಿವಾಳಗಳು. ಹಾಗಾಗಿ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಎಲ್ಲಕ್ಕೂ ಮಾಳಿಗೆಯೇ ಗತಿ.

ಲಿಫ್ಟಿನ ಹತ್ತಿರ ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಯಾದಗಿರಿ ಕಡೆಯ ಹೆಂಗಸು ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ನಿಂತಿದ್ದರು. ಈ ಬಿಲ್ಡಿಂಗಿನಲ್ಲಿ ಬಿಸಿಲು ಎಲ್ಲಿ ಬೀಳುತ್ತದೆ ಎಂದು ಕೇಳಿದರು. ನಮ್ಮ ಸಾಲಿನ ಮನೆಗಳಿಗೆ ಒಂದು ಹನಿಯೂ ಇಲ್ಲ, ಮೇಲೆಯೇ ಹೋಗಬೇಕು ಎಂದೆ.

"ಬಿಸಿಲಿಗೂ ಲಿಫ್ಟ್ ಹತ್ತಬೇಕೇನ್ರೀ ಈ ಊರಾಗ?" ಎಂದು ಅವರು ನನ್ನ ಜೊತೆಗೇ ಬಂದರು. ಸಂಡಿಗೆಗೆ ಓಮಿನಕಾಳು ಹಾಕಿದ್ದೀನಾ ಎಂದು ಬಗ್ಗಿ ಮೂಸಿ ನೋಡಿದರು.

ಅಷ್ಟರಲ್ಲಿ ಮಾಧವಿಯ ಫೋನು. ಮಾಧವಿ ನನ್ನ ಶಾಲೆಯ ಗೆಳತಿ. ಹಳೆಯ ವಿದ್ಯಾರ್ಥಿನಿಯರ ಗುಂಪನ್ನು ನಡೆಸುವವಳು ಅವಳೇ. ಊಟದ ಹೊತ್ತಿಗೆ ಮುಂಚೆ ಸಿಸ್ಟರನ್ನು ಶಾಲೆಗೆ ಕರೆತಂದರೆ ಸಾಕು, ಮಿಕ್ಕದ್ದೆಲ್ಲ ತಾನು ನೋಡಿಕೊಳ್ಳುತ್ತೇನೆ ಎಂದು ಮೊದಲೇ ಹೇಳಿದ್ದನ್ನೇ ಮತ್ತೆ ಹೇಳಿದಳು. ಆ ಕೆಲಸ ನನ್ನ ಪಾಲಿಗೆ ಬಂದದ್ದು ನಾನೇನೋ ದೊಡ್ಡ ಶಿಷ್ಯೆ ಎಂದಲ್ಲ. ಈ ತೆಲುಗು ಊರಿನಲ್ಲಿ ಸಿಸ್ಟರ್ ಜೊತೆ ಕನ್ನಡ ಮಾತಾಡುವವಳು ಇಡೀ ಗುಂಪಿನಲ್ಲಿ ನಾನೊಬ್ಬಳೇ.

ಸಿಸ್ಟರ್ ಈಗ ಇಲ್ಲ. ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಹೋದರು. ಅವರ ಬಗ್ಗೆ ಬರೆಯೋಣವೆಂದು ಕೂತರೆ ನನಗೆ ಅವರ ವಯಸ್ಸಾಗಲಿ, ಹುಟ್ಟಿದ ಹಳ್ಳಿಯಾಗಲಿ ಸರಿಯಾಗಿ ಗೊತ್ತಿಲ್ಲ. ಮಂಗಳೂರಿನ ಆಚೆ, ಹೊಳೆಯೊಂದರ ದಂಡೆಯ ಊರು ಎನ್ನುತ್ತಿದ್ದರು. ಮನೆಯಲ್ಲಿಟ್ಟ ಹೆಸರೊಂದು, ಕಾನ್ವೆಂಟಿನಲ್ಲಿ ಕೊಟ್ಟ ಹೆಸರೊಂದು. ನಾವು ಹುಡುಗಿಯರು ಎರಡನ್ನೂ ಬಿಟ್ಟು ಬೆನ್ನ ಹಿಂದೆ 'ಅಧೂರಿ ಸಿಸ್ಟರ್' ಎನ್ನುತ್ತಿದ್ದೆವು. ಏನನ್ನೂ ಮುಗಿಸದೆ ಅರ್ಧಕ್ಕೇ ಬಿಡುವವರು ಎಂದು ಅದರ ಅರ್ಥ. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಯಾವಳೋ ಬಾಯಿ ತಪ್ಪಿ ಎದುರಿಗೇ ಅಂದುಬಿಟ್ಟಾಗ "ಯೆಸ್?" ಎಂದು ತಿರುಗಿ ನೋಡಿದ್ದರು.

ನಾರಾಯಣಗೂಡದ ನಮ್ಮ ಶಾಲೆಯಲ್ಲಿ ಅವರು ಡ್ರಾಯಿಂಗ್ ಹೇಳಿಕೊಡುತ್ತಿದ್ದರು. ಜೂನ್ ತಿಂಗಳ ಮೊದಲ ಕ್ಲಾಸಿನಲ್ಲಿ ಅವರದೊಂದು ಪದ್ಧತಿ. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ ಹಿಡಿದು ಬೆಂಚಿನಿಂದ ಬೆಂಚಿಗೆ ಬರುವರು. ನಾವು ನಮ್ಮ ಹೊಸ ಬಣ್ಣದ ಪೆಟ್ಟಿಗೆ ತೆರೆದು, ಬಿಳಿ ಟ್ಯೂಬನ್ನು ತೆಗೆದು ಆ ಡಬ್ಬಿಗೆ ಹಾಕಬೇಕು. ವರ್ಷದ ಕೊನೆಗೆ ವಾಪಸು ಕೊಡುತ್ತಿದ್ದರು. ಅಷ್ಟರಲ್ಲಿ ಅದು ಕಲ್ಲಾಗಿರುತ್ತಿತ್ತು. ನನ್ನ ಅಪ್ಪ ಬಟ್ಟೆ ವ್ಯಾಪಾರಿ, ಗಜ ಅಳೆದು ಜೀವನ ಮಾಡಿದವರು. ಕೊಂಡ ವಸ್ತು ಹೀಗೆ ಬಳಸದೆ ಹಾಳಾಗುವುದು ಅವರಿಗೆ ಸಹಿಸಲಾಗದೆ ಶಾಲೆಗೇ ಬಂದು ಕೇಳಿದ್ದರು. ಸಿಸ್ಟರ್ ಅವರನ್ನು ಕೂರಿಸಿ, ತಮ್ಮದೊಂದು ಚಿತ್ರ ತೋರಿಸಿ, ಅದರಲ್ಲಿ ನೆಲದ ಮೇಲೆ ಬಿದ್ದ ಬಿಸಿಲಿನ ಪಟ್ಟಿಯನ್ನು ಮುಟ್ಟಿ ನೋಡಲು ಹೇಳಿದರಂತೆ. ಅಪ್ಪ ಬೆರಳಾಡಿಸಿ, "ಇಲ್ಲಿ ಏನೂ ಹಚ್ಚೇ ಇಲ್ಲಲ್ರೀ," ಎಂದರಂತೆ. "ಹ್ಞಾ, ಅದೇ," ಎಂದರಂತೆ ಸಿಸ್ಟರ್. ಅಪ್ಪ ಮನೆಗೆ ಬಂದು, ಆ ಟೀಚರ್ ಬಾಯಾರು ಅರ್ಧ ಹುಚ್ಚಿ, ಆದರೆ ಮಂದಿ ಒಳ್ಳೆಯವರು ಎಂದು ತೀರ್ಪು ಕೊಟ್ಟರು.

ಅವರು ಚರ್ಚಿನ ಒಳಗನ್ನು ಬಿಟ್ಟು ಬೇರೆ ಏನನ್ನೂ ಬಿಡಿಸಿದ್ದನ್ನು ನಾನು ನೋಡಿಲ್ಲ. ಅದರಲ್ಲೂ ಹೆಚ್ಚಿನವು ನಮ್ಮ ಶಾಲೆಯ ಪುಟ್ಟ ಪ್ರಾರ್ಥನಾ ಮಂದಿರದವು. ಬೆಂಚು, ಕಂಬ, ಕಿಟಕಿ, ಹೊಸ್ತಿಲಾಚೆ ಬಿಟ್ಟ ಚಪ್ಪಲಿಗಳು. ಗೋಡೆಗೊರಗಿ ಜಪಮಾಲೆ ತಿರುಗಿಸುವ ಅಜ್ಜಿಯರ ತಲೆಯೆಣ್ಣೆ ಹತ್ತಿ ಹತ್ತಿ ಆದ ಕಲೆ. ಯಾರೋ ಮರೆತುಹೋದ ಮುಸುಕಿನ ಬಟ್ಟೆ. ಮನುಷ್ಯರಿಲ್ಲ, ಯೇಸುವಿಲ್ಲ. ನಮ್ಮಮ್ಮ ಒಂದು ಸಲ ಅವರನ್ನು ಮನೆಗೆ ಕರೆದು ಚಹಾ ಕೊಟ್ಟು, ಎಷ್ಟು ಛಲೋ ಕೈ ನಿಮ್ಮದು, ನಮಗೊಂದು ದೇವರ ಫೋಟೋ ಬರೆದುಕೊಡಿ ಎಂದು ಕೇಳಿದ್ದಳು. ಯಾವ ದೇವರಾದರೂ ನಡೆಯುತ್ತದೆ ಎಂದೂ ಸೇರಿಸಿದ್ದಳು.

"ದೇವರನ್ನು ಬಿಡಿಸಲಿಕ್ಕೆ ನನಗೆ ಬರುವುದಿಲ್ಲ ಅಮ್ಮ," ಎಂದಿದ್ದರು ಸಿಸ್ಟರ್. "ಅವನ ಮನೆ ಬಿಡಿಸ್ತೇನೆ. ಒಳಗೆ ಇದ್ದರೆ ಇರಲಿ."

ನಾನು ಮೊದಲ ಸಲ ಚರ್ಚು ಬಿಡಿಸಿದಾಗ ಎಲ್ಲ ಮಕ್ಕಳ ಹಾಗೆ ಮೂಲೆಯಲ್ಲೊಂದು ಸೂರ್ಯ, ಅದರ ಸುತ್ತ ಹಳದಿ ಗೆರೆ ಹಾಕಿದ್ದೆ. ಅದೂ ಚರ್ಚಿನ ಒಳಗೆ. ಸಿಸ್ಟರ್ ನಕ್ಕು, "ಎಂಥ ಮಾರಾಯ್ತಿ, ಸೂರ್ಯನನ್ನು ಒಳಗೆ ಕರೆದದ್ದು ಯಾಕೆ? ಅವನು ಹೊರಗೆ ನಿಂತೇ ಕೆಲಸ ಮಾಡುವವ," ಎಂದರು. ಆಮೇಲೆ ನನ್ನನ್ನು ಮಂದಿರಕ್ಕೆ ಕರೆದುಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂರಿಸಿದರು. ಮಧ್ಯಾಹ್ನದ ಹೊತ್ತು. ಪಡುವಣ ಕಿಟಕಿಯಿಂದ ಬಿಸಿಲು ಇಳಿದು ಮೂರನೆಯ ಬೆಂಚಿನ ಮೇಲೆ ಬಂದು ಕೂತಿತ್ತು. ಕೂತಿತ್ತು ಎಂದೇ ಹೇಳಬೇಕು. ತಡವಾಗಿ ಬಂದು ಸದ್ದಿಲ್ಲದೆ ಕೂತವರ ಹಾಗೆ. ಸ್ವಲ್ಪ ಹೊತ್ತಿಗೆ ಎದ್ದುಹೋಯಿತು. ಅಷ್ಟರಲ್ಲಿ ಸಿಸ್ಟರ್ ಪೆನ್ಸಿಲಿನಿಂದ ಅದರ ಅಂಚನ್ನು ಕಾಗದದ ಮೇಲೆ ಹಿಡಿದಿದ್ದರು. ಮುಂದಿನದೆಲ್ಲ ಸುತ್ತಲಿನ ನೆರಳಿನ ಕೆಲಸ. ತೆಳ್ಳಗಿನ ಬೂದು, ಅದು ಒಣಗಿದ ಮೇಲೆ ಇನ್ನೊಂದು ತೆಳ್ಳಗಿನ ಬೂದು. ಕುಂಚದಲ್ಲಿ ನೀರು ಹೆಚ್ಚಾಯಿತೋ ಎಂದು ಪ್ರತಿಸಲ ತಮ್ಮ ಬಿಳಿ ಸೀರೆಯ ಸೆರಗಿನ ತುದಿಗೆ ಒತ್ತಿ ನೋಡುವರು. ಆ ತುದಿ ಎಷ್ಟು ಒಗೆದರೂ ಮೋಡದ ಬಣ್ಣದ್ದೇ.

"ನೆರಳು ನನ್ನ ಕೆಲಸ. ಬೆಳಕು ನನ್ನದಲ್ಲ, ನಾನು ಹಚ್ಚಲಿಕ್ಕೆ. ಅದರ ಜಾಗ ಬಿಡುವುದು ಅಷ್ಟೇ," ಎಂದರು. ಹೇಳಿಕೊಡುವ ಧ್ವನಿಯಲ್ಲಲ್ಲ, ಮೊಸರಿಗೆ ಹೆಪ್ಪು ಎಷ್ಟು ಹಾಕಬೇಕೆಂದು ಹೇಳುವ ಹಾಗೆ.

ನಮ್ಮ ಕನ್ನಡಗಳೂ ಬೇರೆ ಬೇರೆಯಾಗಿದ್ದವು. ನಾನು "ಐತಿ" ಎಂದರೆ ಅವರು "ಉಂಟು" ಎನ್ನುವರು. ನನ್ನ 'ರಿ'ಗಳನ್ನು ಕೇಳಿ, ಎಷ್ಟು ಮರ್ಯಾದೆ ಮಾರಾಯ್ತಿ, ಬೆಕ್ಕಿಗೂ ಬನ್ರಿ ಎನ್ನುತ್ತೀಯಾ ಎಂದು ಛೇಡಿಸುವರು. ಉಳಿದ ಸಿಸ್ಟರುಗಳ ಎದುರು ಇಂಗ್ಲಿಷ್, ಆಯಾಗಳ ಜೊತೆ ಮುರುಕು ತೆಲುಗು. ಕನ್ನಡ ಮಾತಾಡುವಾಗ ಮಾತ್ರ ಅವರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗುತ್ತಿದ್ದರು.

ನನ್ನ ಮದುವೆಗೆ ಅವರು ಅಂಗೈ ಎರಡರಷ್ಟು ಅಗಲದ ಚಿತ್ರವೊಂದನ್ನು ಕೊಟ್ಟರು. ಮಂದಿರದ ಬಾಗಿಲು, ಒಳಗಿನಿಂದ ನೋಡಿದಂತೆ. ನೆಲದ ಮೇಲೆ ಉದ್ದಕ್ಕೆ ಬಿದ್ದ ಬೆಳಕು. ಯಾರೂ ಇಲ್ಲದ ಚಿತ್ರ ಮದುವೆಗೆ ಕೊಡುತ್ತಾರೇನು ಎಂದು ಅತ್ತೆಯವರು ಅದನ್ನು ಟ್ರಂಕಿನಲ್ಲಿಟ್ಟಿದ್ದರು. ಮಣಿಕೊಂಡಕ್ಕೆ ಬಂದ ಮೇಲೆ ನಾನೇ ಪಡಸಾಲೆಯ ಒಳಗೋಡೆಗೆ, ಚಪ್ಪಲಿ ಸ್ಟ್ಯಾಂಡಿನ ಮೇಲೆ ತೂಗುಹಾಕಿದೆ.

ಅವರ ದೊಡ್ಡ ಚಿತ್ರ ಒಂದೇ. ಮೂರನೆಯ ಬೆಂಚಿನ ಬಿಸಿಲಿನದು. ಆ ಬಿಸಿಲು ಅಲ್ಲಿ ಬಂದು ಕೂರುವುದು ಚಳಿಗಾಲದ ಕೆಲವು ವಾರ ಮಾತ್ರ. ಹಾಗಾಗಿ ಒಂದು ಚಳಿಗಾಲ ಒಂದಿಷ್ಟು, ಮುಂದಿನ ಚಳಿಗಾಲ ಇನ್ನೊಂದಿಷ್ಟು. ನಾನು ಶಾಲೆ ಬಿಟ್ಟು, ಕಾಲೇಜು ಮುಗಿಸಿ, ಮಗುವನ್ನು ಎತ್ತಿಕೊಂಡು ನೋಡಲು ಹೋದಾಗಲೂ ಅದು ಹಲಗೆಯ ಮೇಲೇ ಇತ್ತು. ಕೊನೆಗೆ ಮುಗಿಯಿತು. ಮುಗಿದದ್ದೇ ತಡ, ಕಾಂಪೌಂಡಿನ ಆಚೆ ಒಂದು ಕೋಚಿಂಗ್ ಸೆಂಟರಿನ ಕಟ್ಟಡ ಏಳಲು ಶುರುವಾಯಿತು. ಪಡುವಣ ಕಿಟಕಿ ಗೋಡೆ ನೋಡುವಂತಾಯಿತು. ಮಂದಿರದೊಳಗೆ ಹಗಲೂ ಟ್ಯೂಬ್‌ಲೈಟು. ಆ ಬಿಸಿಲು ಇದ್ದದ್ದಕ್ಕೆ ಉಳಿದ ಸಾಕ್ಷಿ ಆ ಕಾಗದ ಮಾತ್ರ.

ಅದರ ಹಿಂದೆಯೇ ಸಿಸ್ಟರ ಕಣ್ಣು ಹೋಗತೊಡಗಿತು. ಕಣ್ಣಿನ ನಡುಭಾಗ ಸತ್ತಿದೆ, ಅಂಚು ಉಳಿದಿದೆ ಎಂದು ಡಾಕ್ಟರು ಹೇಳಿದ್ದರು. ಎದುರಿಗಿದ್ದವರನ್ನು ನೋಡಬೇಕಾದರೆ ಮುಖ ಪಕ್ಕಕ್ಕೆ ತಿರುಗಿಸಬೇಕು. ನನ್ನ ಜೊತೆ ಮಾತಾಡುವಾಗ ಅವರು ನನ್ನ ಕಿವಿಯ ಆಚೆ ನಿಂತ ಯಾರನ್ನೋ ನೋಡುತ್ತಿರುವಂತೆ ಇರುತ್ತಿತ್ತು. ಆಮೇಲೆ ಅಂಚೂ ಮಬ್ಬಾಯಿತು. ಮಿಯಾಪುರದ ಹತ್ತಿರದ ವಯಸ್ಸಾದ ಸಿಸ್ಟರುಗಳ ಮನೆಗೆ ಅವರನ್ನು ಕಳಿಸಿದರು.

ನಾನು ಆಗಾಗ ಹೋಗುತ್ತಿದ್ದೆ. ಶೇಂಗಾ ಹೋಳಿಗೆ ಒಯ್ದರೆ ಮಗುವಿನ ಹಾಗೆ ತಿನ್ನುವರು. ಹೋದಾಗೆಲ್ಲ ಕೇಳುವುದು ಒಂದೇ: ಚಿತ್ರ ಅಲ್ಲೇ ಉಂಟಾ? ಶಾಲೆಯ ಅತಿಥಿಗಳ ಕೋಣೆಯಲ್ಲಿ ಐತ್ರಿ ಎನ್ನುತ್ತಿದ್ದೆ. ಮೂರನೇ ಬೆಂಚಿನ ಮೇಲೆ? ಐತ್ರಿ. ಹ್ಞಾ, ಎನ್ನುವರು. ನನಗೆ ಆ ಬಿಸಿಲು ಮರೆತುಹೋಗುತ್ತಾ ಉಂಟು, ಎಲ್ಲಿಯಾದರೂ ಇದ್ದರೆ ಸಾಕು ಎಂದು ಒಮ್ಮೆ ಅಂದಿದ್ದರು.

ಹೀಗಿರುವಾಗ ಚಿತ್ರದ ಗಾಜು ಬಿರುಕು ಬಿಟ್ಟು, ಮೂಲೆಗೆ ಗೆದ್ದಲು ಹತ್ತಿತು. ಮಾಧವಿ ಮತ್ತು ಗುಂಪಿನವರು ಮುತುವರ್ಜಿಯಿಂದ ಅದನ್ನು ಬಿಚ್ಚಿಸಿ ಹೊಸ ಫ್ರೇಮಿನ ಕಟ್ಟು ಹಾಕಿಸಲು ಕೊಟ್ಟರು. ಈಸ್ಟರಿಗೆ ಮುಂಚೆ ಸಿಸ್ಟರನ್ನೇ ಕರೆಸಿ ಅವರ ಕೈಯಿಂದಲೇ ಪರದೆ ಸರಿಸುವುದು ಎಂದು ನಿಶ್ಚಯವಾಯಿತು. ಅದಕ್ಕೇ ಆ ಬೆಳಗಿನ ಫೋನು.

ನಾನು ಹೋಗುವಷ್ಟರಲ್ಲಿ ಸಿಸ್ಟರ್ ಇಸ್ತ್ರಿ ಸೀರೆ ಉಟ್ಟು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕ್ಯಾಬಿನಲ್ಲಿ ದಾರಿಯುದ್ದಕ್ಕೂ ಮಾತು. ಟ್ಯೂಬ್‌ಲೈಟಿನ ಕೆಳಗೆ ಪರದೆ ಸರಿಸುವುದು ಬೇಡ, ಕಿಟಕಿಯ ಹತ್ತಿರ ನಿಲ್ಲಿಸಲಿಕ್ಕೆ ಹೇಳು ಎಂದರು. ತನಗೆ ಕಾಣುವುದಿಲ್ಲ ನಿಜ, ಆದರೆ ಅದಕ್ಕೊಂದು ಮರ್ಯಾದೆ ಬೇಡವಾ ಎಂದರು.

ಅತಿಥಿಗಳ ಕೋಣೆಯಲ್ಲಿ ಹಳೆಯ ಹುಡುಗಿಯರೆಲ್ಲ ರೇಷ್ಮೆ ಸೀರೆಯಲ್ಲಿ ಬಂದಿದ್ದರು. ಪ್ರಾರ್ಥನೆಯಾಯಿತು. ಸಿಸ್ಟರ್ ಕೈಗೆ ಪರದೆಯ ದಾರ ಕೊಟ್ಟರು. ಅವರು ಎಳೆದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೂರನೆಯ ಬೆಂಚಿನ ಮೇಲೆ ಚಿನ್ನದ ಬಣ್ಣ ಇತ್ತು. ಕಿಟಕಿಯಿಂದ ಹೊರಟ ಚಿನ್ನದ ಕಿರಣಗಳು, ಒಂದೊಂದೂ ಪಟ್ಟಿ ಇಟ್ಟು ಎಳೆದಂತೆ, ಬೆಂಚಿನವರೆಗೂ ಬಂದಿದ್ದವು. ಅಲ್ಲಿ ಕೈ ಚಾಚಿದ ಯೇಸು ನಿಂತಿದ್ದ. ಅವನ ತಲೆಯ ಸುತ್ತ ಬಿಳಿ ಬಣ್ಣದ ವೃತ್ತ. ಸಿಸ್ಟರ್ ಬಿಟ್ಟಿದ್ದ ಒಂದು ಎಳೆ ಕಾಗದವೂ ಬರಿದಾಗಿ ಉಳಿದಿರಲಿಲ್ಲ.

ನಾನು ಮಾಧವಿಯನ್ನು ನೋಡಿದೆ. ಅವಳ ಕಣ್ಣಲ್ಲಿ ನೀರು. ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: ಪಾಪ, ಕಣ್ಣು ಹೋದದ್ದರಿಂದ ಅರ್ಧಕ್ಕೇ ಬಿಟ್ಟುಬಿಟ್ಟಿದ್ದರಲ್ಲ. ಕಟ್ಟು ಹಾಕುವ ಅಣ್ಣನೇ ಅದನ್ನು ಗಮನಿಸಿದ್ದು. ಇಷ್ಟು ಒಳ್ಳೆಯ ಕೆಲಸ ಹೀಗೆ ನಿಲ್ಲಬಾರದು ಎಂದು ತಾನಾಗಿಯೇ ಪೂರ್ತಿ ಮಾಡಿಕೊಟ್ಟಿದ್ದಾನೆ.

ಆ ಅಣ್ಣ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು, ಕೈಮುಗಿದು ನಿಂತಿದ್ದ. ಕ್ರಿಸ್‌ಮಸ್ಸಿಗೆ ಯೇಸು ಹುಟ್ಟಿದ ಗೋದಲಿಯ ಪರದೆ, ಚೌತಿಗೆ ಗಣಪತಿಯ ಪೆಂಡಾಲಿನ ಪರದೆ, ಎರಡನ್ನೂ ಬರೆಯುವವನಂತೆ. ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಂದು ಮಾತ್ರ, ಬಾಯಿಗೆ ನೀರೂ ಹಾಕದೆ ಕೂತು ಬರೆದೆ ಅಮ್ಮಾ ಎಂದ. ಅವನ ಉಗುರಿನ ಸಂದಿಯಲ್ಲಿ ಇನ್ನೂ ಚಿನ್ನದ ಬಣ್ಣ ಕೂತಿತ್ತು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ನೀರು ಹೀರಿದ ಕಾಗದ; ತೊಳೆದರೆ ಚಿನ್ನದ ಜೊತೆ ನೆರಳೂ ಹೋಗುತ್ತದೆ. ಅಷ್ಟನ್ನು ಸಿಸ್ಟರೇ ನಮಗೆ ಕಲಿಸಿದ್ದರು.

ಸಿಸ್ಟರ್ ನನ್ನ ಮೊಣಕೈ ಹಿಡಿದು ಕನ್ನಡದಲ್ಲಿ ಮೆಲ್ಲಗೆ ಕೇಳಿದರು.

"ಮೂರನೇ ಬೆಂಚಿನ ಮೇಲೆ ಉಂಟಾ?"

"ಐತ್ರೀ ಸಿಸ್ಟರ್," ಎಂದೆ. "ಹಂಗೇ ಐತ್ರೀ."

ಅವರು ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಆಮೇಲೆ ಇನ್ನೊಂದು ಪಕ್ಕಕ್ಕೆ ತಿರುಗಿಸಿ ಸ್ವಲ್ಪ ಹೊತ್ತು ನಿಂತರು. ಏನಾದರೂ ಕಂಡಿತೋ ಇಲ್ಲವೋ. ಅಷ್ಟರಲ್ಲಿ ಆ ಅಣ್ಣನನ್ನು ಮುಂದೆ ಕರೆತಂದರು. ಅವನು ತಲೆ ಬಗ್ಗಿಸಿದ. ಸಿಸ್ಟರ್ ಅವನ ತಲೆ ಮುಟ್ಟಿ, ಆಮೇಲೆ ಅವನ ಎರಡೂ ಕೈಗಳನ್ನು ಹಿಡಿದುಕೊಂಡು, ಹಸಿದು ಕೂತು ಮಾಡಿದಿರಂತೆ, ಬೆನ್ನು ನೋವು ಬರಲಿಲ್ಲವಾ ಎಂದು ತೆಲುಗಿನಲ್ಲಿ ವಿಚಾರಿಸಿದರು. ಅವನು ಅಳುವುದೊಂದು ಬಾಕಿ.

ಸಮೋಸಾ, ಕೇಕು ಆದವು. ಸಿಸ್ಟರ್ ಎಲ್ಲರ ಹೆಸರನ್ನೂ ಧ್ವನಿಯಿಂದಲೇ ಗುರುತಿಸಿದರು. ಫೋಟೋಗಳಲ್ಲಿ ಅವರು ಕ್ಯಾಮೆರಾದ ಆಚೆ ಎಲ್ಲೋ ನೋಡಿ ನಗುತ್ತಿದ್ದಾರೆ.

ವಾಪಸು ಹೋಗುವಾಗ ಕೂಕಟ್‌ಪಲ್ಲಿಯ ಟ್ರಾಫಿಕ್ಕಿನಲ್ಲಿ ಕ್ಯಾಬು ನಿಂತಿತು. ಸಿಸ್ಟರ್ ಸೆರಗಿನ ತುದಿಯನ್ನು ಬೆರಳಲ್ಲಿ ಹೊಸೆಯುತ್ತಿದ್ದರು. ಈಗ ಅದು ಪೂರ್ತಿ ಬೆಳ್ಳಗಿತ್ತು.

"ನೀನು ಶಾಲೆಯಲ್ಲಿ ಇರುವಾಗಲೂ ಹೀಗೇ," ಎಂದರು. "ಸುಳ್ಳು ಹೇಳುವಾಗ ನಿನ್ನ 'ರಿ' ಉದ್ದ ಆಗ್ತದೆ."

ನಾನು ಕಿಟಕಿಯಾಚೆ ನೋಡಿದೆ.

"ಎಂಥ ಮಾಡಿದ್ದಾರೆ?"

ಚಿನ್ನದ ಬಣ್ಣ ಹಚ್ಚಿದ್ದಾರೆ ಎಂದೆ. ಯೇಸುವಿನ ವಿಷಯವನ್ನೂ ಹೇಳಿದೆ. ಪೂರ್ತಿಯಾ ಎಂದು ಕೇಳಿದರು. ಪೂರ್ತಿ ಎಂದೆ. ಸಿಗ್ನಲ್ಲು ಬಿಟ್ಟಿತು. ಹಿಂದಿನವನು ಹಾರ್ನ್ ಹೊಡೆಯುತ್ತಿದ್ದ. ನಾನು ಏನಾದರೂ ಹೇಳಬೇಕಿತ್ತು. ಮಾಧವಿಗೆ ತಿಳಿಸುತ್ತೇನೆ, ಯಾರಾದರೂ ಬಲ್ಲವರನ್ನು ಹುಡುಕುತ್ತೇನೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಅದರಲ್ಲಿ ಒಂದೂ ಆಗುವ ಕೆಲಸವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಆ ಮನುಷ್ಯನಿಗೆ ಯಾರೂ ಹೇಳಬಾರದು," ಎಂದರು ಸಿಸ್ಟರ್. "ಮಾಧವಿಗೂ ಬೇಡ. ಅವಳು ಸೀದಾ ಹೋಗಿ ಅವನನ್ನು ಬೈತಾಳೆ."

ಆಯಿತು ಎಂದೆ. ಮಿಯಾಪುರ ಬರುವ ಹೊತ್ತಿಗೆ ಅವರು ಮತ್ತೆ ಕೇಳಿದರು.

"ನಿನ್ನ ಹತ್ತಿರ ಇರುವುದಕ್ಕೆ ಯಾರೂ ಬಣ್ಣ ಹಚ್ಚಲಿಲ್ಲ ಅಲ್ಲವಾ?"

"ಇಲ್ರಿ."

ಅವರು ತಲೆ ಒಂದು ಕಡೆಗೆ ವಾಲಿಸಿ, ಆ 'ರಿ'ಯನ್ನು ತೂಗಿ ನೋಡಿದರು. ಇಳಿಯುವಾಗ ನಾನು ಕೈ ಹಿಡಿದುಕೊಂಡೆ. ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ಅವರು ಅದರೊಳಗೆ ಸ್ವಲ್ಪ ಹೊತ್ತು ನಿಂತರು, ಮುಖ ಮೇಲೆತ್ತಲಿಲ್ಲ. ಅಂಗೈಯನ್ನು ಮಾತ್ರ ಮೇಲೆ ಮಾಡಿ ಹಿಡಿದರು. ಒಳಗಿನಿಂದ ಯಾರೋ ಊಟಕ್ಕೆ ಕರೆದರು. ಶೇಂಗಾ ಹೋಳಿಗೆ ಮುಂದಿನ ಸಲ ತಾ ಎಂದು ಹೇಳಿ ಗೋಡೆ ಹಿಡಿದುಕೊಂಡು ಹೋದರು. ಆಮೇಲೆಯೂ ಕೆಲವು ಸಲ ಹೋದೆ. ಚಿತ್ರದ ಬಗ್ಗೆ ಅವರು ಮತ್ತೆ ಕೇಳಲಿಲ್ಲ.

ಆ ದಿನ ಮನೆಗೆ ಬಂದಾಗ ಸಂಜೆಯಾಗಿತ್ತು. ಪರ್ಸನ್ನು ಮೇಜಿನ ಮೇಲೆ ಎಸೆದು, ದೀಪ ಹಾಕದೆ, ಪಡಸಾಲೆಯಲ್ಲಿ ಹಾಗೇ ಕೂತೆ. ಎದುರಿನ ಅಪಾರ್ಟ್‌ಮೆಂಟಿನ ಪೈಪುಗಳ ಮೇಲಿದ್ದ ಪಾರಿವಾಳಗಳೂ ಹೋಗಿದ್ದವು. ಚಹಾ ಇಡಬೇಕು, ಸಂಡಿಗೆ ತರಬೇಕು ಎಂದು ಅನಿಸುತ್ತಿತ್ತು.

ತೆರೆದೇ ಇದ್ದ ಬಾಗಿಲಲ್ಲಿ ಪಕ್ಕದ ಮನೆಯವರು ಬಂದು ನಿಂತರು. ಕೈಯಲ್ಲಿ ನನ್ನ ಸಂಡಿಗೆಯ ಪರಾತ. ಮೋಡ ಆಗಿತ್ತು, ನಿಮ್ಮದನ್ನೂ ಎತ್ತಿಕೊಂಡು ಬಂದೆ ಎಂದರು. ನಮ್ಮ ಮನೆಯೊಳಗೆ ಅವರು ಬಂದದ್ದು ಅದೇ ಮೊದಲು. ಪರಾತ ಇಡಲು ಜಾಗ ಹುಡುಕುತ್ತ ಅತ್ತಿತ್ತ ನೋಡಿದವರು ಚಪ್ಪಲಿ ಸ್ಟ್ಯಾಂಡಿನ ಎದುರು ನಿಂತರು. ಒಮ್ಮೆ ಅದರ ಮೇಲೆ ತೂಗುತ್ತಿದ್ದ ಚಿತ್ರ ನೋಡಿದರು, ಒಮ್ಮೆ ಹಿಂತಿರುಗಿ ಕಿಟಕಿ ನೋಡಿದರು.

"ಬಿಸಿಲು ಬರಂಗಿಲ್ಲ ಅಂತ ಮುಂಜಾನಿ ನನ್ನನ್ನ ಮಾಳಿಗಿ ಹತ್ತಿಸಿದ್ರಿ. ನಿಮ್ಮ ಫೋಟೋದ ಮ್ಯಾಲ ಬಿದ್ದದ್ದು ಮತ್ತೇನ್ರಿ?"